ಕಡಲತೀರದ ಊರಿನಲ್ಲಿ 3 ದಿನ: ನಿಮ್ಮ ಪಟ್ಟಿಯಲ್ಲಿ ಸಮುದ್ರದ ವೇಳೆ ಎಲ್ಲಿದೆ?

3 ದಿನ, 11 ಸ್ಥಳ, ಜೊತೆಯಲ್ಲಿ ವಯಸ್ಸಾದ ಅತ್ತೆ ಮತ್ತು 6 ವರ್ಷದ ಮಗು. ಕಡಲತೀರದ ಊರಿನಲ್ಲಿ ಯಾವುದನ್ನು ಬಿಡಬಾರದು ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನ್ನದೇ ಹಳೆಯ ಹಾಳೆಯೊಂದು ಕಣ್ಣಿಗೆ ಬಿದ್ದಂತಾಯಿತು. ನನ್ನ ಪಟ್ಟಿಯಲ್ಲಿ 14 ಸ್ಥಳಗಳಿದ್ದವು. ಕೋಟೆ ಎಷ್ಟಕ್ಕೆ ತೆರೆಯುತ್ತದೆ, ವಸ್ತುಸಂಗ್ರಹಾಲಯಕ್ಕೆ ಯಾವ ವಾರ ರಜೆ, ದೀಪಸ್ತಂಭಕ್ಕೆ ಎಷ್ಟು ಗಂಟೆಯವರೆಗೆ ಹತ್ತಲು ಬಿಡುತ್ತಾರೆ, ಎಲ್ಲವನ್ನೂ ಗೆರೆ ಎಳೆದು ಬರೆದಿದ್ದೆ. ಎಲ್ಲದರ ವೇಳೆಯೂ ಇತ್ತು, ಸಮುದ್ರದ್ದೊಂದು ಇರಲಿಲ್ಲ.

ಊರಿನ ಹೆಸರು ಬೇಡ. ತಪ್ಪು ನನ್ನದು, ಅದು ಯಾವ ತೀರದಲ್ಲಾದರೂ ಆಗಬಹುದಾಗಿತ್ತು.

ಹೋದದ್ದು ಅಮ್ಮನಿಗಾಗಿ. 67 ತುಂಬುವವರೆಗೂ ಆಕೆ ಸಮುದ್ರ ಕಂಡವರಲ್ಲ. ಹುಣ್ಣಿಮೆಯ ದಿನವನ್ನೇ ಆರಿಸಿಕೊಂಡಿದ್ದೆ. ಒಂದು ಕಡೆ ಸೂರ್ಯ ಮುಳುಗುವಾಗ ಇನ್ನೊಂದು ಕಡೆ ಚಂದ್ರ ಏಳುವುದನ್ನು ತೋರಿಸಬೇಕೆಂಬ ಆಸೆ. ದಡದಿಂದ ಸ್ವಲ್ಪ ಒಳಗೆ ಒಂದು ಬಂಡೆಗುಡ್ಡೆ ಇದೆ, ನೀರು ಇಳಿದಾಗ ಮರಳಿನ ಮೇಲೆ ನಡೆದೇ ಹೋಗಬಹುದು ಎಂದು ಗೆಳೆಯನೊಬ್ಬ ಹೇಳಿದ್ದ. ಅವನು 13 ದಿನ ಮೊದಲು ಅಲ್ಲಿಗೆ ಹೋಗಿ ಬಂದಿದ್ದ. "ಐದಕ್ಕೆ ಹೋಗು, ಸೂರ್ಯಾಸ್ತ ನೋಡು, ಏಳರ ಹೊತ್ತಿಗೆ ವಾಪಸ್ ಬಾ. ದಾರಿ ಒಣಗಿರುತ್ತದೆ" ಎಂದ. ಬರೆದುಕೊಂಡೆ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅದು ಅವನ ದಿನದ ವೇಳೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಹೆಚ್ಚಿನ ತೀರಗಳಲ್ಲಿ ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದು ಸಂಜೆ ನೀರು ಇಳಿದ ವೇಳೆಗೂ ನಾಳೆ ಇಳಿಯುವ ವೇಳೆಗೂ ಸುಮಾರು 50 ನಿಮಿಷದ ಅಂತರ. ನಾವು ಭೂಮಿಯೊಂದಿಗೆ ಒಂದು ಸುತ್ತು ಸುತ್ತಿ ಬರುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಮುಂದೆ ಸರಿದಿರುತ್ತಾನೆ, ಅವನ ಕೆಳಗೆ ಮತ್ತೆ ಬಂದು ನಿಲ್ಲಲು ಅಷ್ಟು ಹೊತ್ತು ಹೆಚ್ಚು ಬೇಕು. ದಿನಕ್ಕೆ 50 ನಿಮಿಷ ಹಿಂದೆ ಬೀಳುತ್ತಾ ಬೀಳುತ್ತಾ, 15 ದಿನ ಕಳೆಯುವಾಗ ಇಳಿತ ಹೆಚ್ಚುಕಡಿಮೆ ಮೊದಲಿನ ಗಂಟೆಗೇ ಬಂದು ಸೇರುತ್ತದೆ. ಗೆಳೆಯ ಹೋದ ದಿನ ಇಳಿತ ಸಂಜೆ 6ಕ್ಕೆ ಇತ್ತು. ಐದಕ್ಕೆ ಹೋದರೂ ಏಳಕ್ಕೆ ಬಂದರೂ ಅವನು ಇಳಿತದ ಆಚೆ ಈಚೆ ಒಂದೊಂದು ಗಂಟೆಯೊಳಗೇ ಇದ್ದ. ನಾವು ಹೋದದ್ದು 13ನೆಯ ದಿನ, ಅಂದರೆ ಸುತ್ತು ಮುಗಿಯಲು ಇನ್ನೂ ಎರಡು ದಿನ ಬಾಕಿ. ಎರಡು ದಿನಕ್ಕೆ 100 ನಿಮಿಷ. ನಮ್ಮ ದಿನ ನೀರು ಪೂರ್ತಿ ಇಳಿದದ್ದು 4 ಗಂಟೆ 20 ನಿಮಿಷದ ಸುಮಾರಿಗೆ. ನಾವು ಐದೂವರೆಗೆ ಮರಳಿಗೆ ಕಾಲಿಡುವಾಗ ಅದು ಏರತೊಡಗಿ ಒಂದು ಗಂಟೆಯ ಮೇಲಾಗಿತ್ತು.

ಕಣ್ಣಿಗೆ ಇದೊಂದೂ ತಿಳಿಯಲಿಲ್ಲ. ಗೆಳೆಯ ವರ್ಣಿಸಿದ್ದಕ್ಕಿಂತ ದಾರಿ ಇನ್ನೂ ಅಗಲವಾಗಿತ್ತು, ಅದನ್ನು ನೋಡಿ ನಾನು ಹಿಗ್ಗಿದೆ. ಹುಣ್ಣಿಮೆ ಅಮಾವಾಸ್ಯೆಗಳ ಸಮಯದಲ್ಲಿ ನೀರು ಹೆಚ್ಚು ಇಳಿಯುತ್ತದೆ, ಹಾಗೆಯೇ ಹೆಚ್ಚು ಏರುತ್ತದೆ. ನಾನು ಕಂಡದ್ದು ಆ ಲೆಕ್ಕದ ಮೊದಲ ಅರ್ಧವನ್ನು ಮಾತ್ರ.

ಬಂಡೆಯ ಬುಡದಲ್ಲಿ ಒಬ್ಬಾತ ಕಬ್ಬಿಣದ ಸಲಾಕೆಯಿಂದ ಚಿಪ್ಪುಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದ. ನಾವು ಹತ್ತುವಾಗ ಅವನು ಬುಟ್ಟಿ ಹೊತ್ತು ಹೊರಟಿದ್ದ. "ನೀರು ತಿರುಗಿದೆ" ಎಂದ. ನಾನು ಕೈಗಡಿಯಾರ ನೋಡಿಕೊಂಡು "ಏಳರವರೆಗೆ ಸಮಯವಿದೆ" ಎಂದೆ. ಅವನು ನನ್ನ ಮುಖವನ್ನೊಮ್ಮೆ, ಅಮ್ಮನ ಮೊಣಕಾಲನ್ನೊಮ್ಮೆ ನೋಡಿ ಹೊರಟುಹೋದ. ಏಳು ವರ್ಷವಾಯಿತು, ನನ್ನ ಆ ಉತ್ತರ ನೆನಪಾದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವನಿಗೆ ನಾನು ಗಡಿಯಾರ ತೋರಿಸಿದ್ದೆ!

ಸೂರ್ಯ ಮುಳುಗಿದ, ಚಂದ್ರ ಎದ್ದ. ಅಮ್ಮ ಕೈ ಮುಗಿದರು. 7 ಗಂಟೆಗೆ ಕೆಳಗಿಳಿದು ನೋಡಿದರೆ ದಾರಿಯೇ ಇರಲಿಲ್ಲ. ಏರುವ ನೀರು ಗಂಟೆ ಗಂಟೆಗೂ ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆಯಲ್ಲಿ ನಿಧಾನ, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲೇ ಒಟ್ಟು ಏರಿಕೆಯ ಅರ್ಧದಷ್ಟು ಮುಗಿಯುತ್ತದೆ. ನಾವು ಇಳಿದದ್ದು ಸರಿಯಾಗಿ ಆ ಮೂರನೆಯ ಗಂಟೆಯಲ್ಲಿ.

ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಬಿಡುತ್ತೇನೆ ಎಂದೆ. ನೀರು ಮೊಣಕಾಲಿನಷ್ಟೇ ಕಾಣುತ್ತಿತ್ತು. ಹೆಂಡತಿ ಮಗನ ತೋಳು ಬಿಡಲಿಲ್ಲ. "ಬೇಕಾದರೆ ನೀವೊಬ್ಬರೇ ಹೋಗಿ" ಎಂದಳು. ನಮ್ಮನ್ನು ಉಳಿಸಿದ್ದು ಆ ಮಾತು. ಆ ನೀರು ಅಡ್ಡಕ್ಕೆ ಹರಿಯುತ್ತಿತ್ತು, ಕಾಲ ಕೆಳಗಿನ ಮರಳನ್ನು ಎಳೆದೊಯ್ಯುತ್ತಿತ್ತು, ಕತ್ತಲಾಗುತ್ತಿತ್ತು. ಇಂತಹ ಕಡೆ ಸಿಕ್ಕಿಬಿದ್ದರೆ ಎತ್ತರದ ಬಂಡೆಗೆ ಹತ್ತಿ ಕೂತು ಫೋನ್ ಮಾಡಬೇಕು, ದಾಟಬಾರದು. ನಮ್ಮ ಫೋನಿಗೆ ಸಿಗ್ನಲ್ ಸಿಗಲಿಲ್ಲ. ಎಂಟೂವರೆಗೆ ದೋಣಿಯೊಂದು ಬಂತು. ಆ ಚಿಪ್ಪಿನವನೇ ದಡದಿಂದ ಲೆಕ್ಕ ಹಾಕಿ, ನಾವು ಹಿಂದಿರುಗಿಲ್ಲವೆಂದು ತಿಳಿದು ತಮ್ಮನೊಂದಿಗೆ ಬಂದಿದ್ದ. ಕುಲುಕುವ ದೋಣಿಗೆ ಅಮ್ಮನನ್ನು ಮೂವರು ಸೇರಿ ಎತ್ತಿ ಇಳಿಸಿದೆವು. ಅವನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಊರಿಗೆ ಹೋಗೋಣ ಎಂದರು. ಉಳಿದ 12 ಸ್ಥಳಗಳು ಹಾಳೆಯಲ್ಲೇ ಉಳಿದವು, ಅದರ ದುಃಖವೇನೂ ಇಲ್ಲ. ಅಮ್ಮನಿಗೆ ಈಗ 74. ಟಿವಿಯಲ್ಲಿ ಅಲೆ ಕಂಡರೂ ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಳ್ಳುತ್ತಾರೆ. ನಾವು ನಗುತ್ತೇವೆ, ಅವರೂ ನಗುತ್ತಾರೆ, ಆದರೆ ಕಾಲು ಕೆಳಗಿಡುವುದಿಲ್ಲ.

ಇದು ದಡ್ಡರಿಗೆ ಮಾತ್ರ ಆಗುವ ಫಜೀತಿ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆ ಉಬ್ಬರದಲ್ಲಿ ಮುಳುಗುತ್ತದೆ. ಎಚ್ಚರಿಕೆಯ ಫಲಕಗಳಿದ್ದರೂ ಜನ ಕಾರು ಸಮೇತ ಸಿಕ್ಕಿಬೀಳುತ್ತಾರೆ, ಅಂಥವರು ಹತ್ತಿ ಕೂರಲೆಂದೇ ಅಲ್ಲಿ ಕಂಬಗಳ ಮೇಲೆ ಒಂದು ಗೂಡು ಕಟ್ಟಿಟ್ಟಿದ್ದಾರೆ. ಗುಜರಾತಿನ ಕೋಳಿಯಾಕ್ ತೀರದ ನಿಷ್ಕಳಂಕ ಮಹಾದೇವನ ಭಕ್ತರನ್ನು ನೋಡಿ, ನೀರು ಇಳಿದಾಗ ನಡೆದು ಹೋಗಿ ಏರುವ ಮೊದಲೇ ಮರಳುತ್ತಾರೆ. ಮೆಡಿಟರೇನಿಯನ್ ತೀರದ ಹೆಚ್ಚಿನ ಕಡೆಗಳಲ್ಲಿ ಏರಿಳಿತ ಒಂದೆರಡು ಗೇಣು ಮಾತ್ರ, ಅಲ್ಲಿಗೆ ಹೋಗುವುದಾದರೆ ನನ್ನ ಈ ಪುರಾಣ ಮರೆತುಬಿಡಿ.

ಈಗ ನಿಮ್ಮ ಪ್ರಶ್ನೆ. ಯಾವ ಸ್ಥಳ ಬಿಡಬಾರದು ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕೋಟೆ ಬೆಟ್ಟದ ಮೇಲೂ ಸಿಗುತ್ತದೆ, ವಸ್ತುಸಂಗ್ರಹಾಲಯ ಯಾವ ನಗರದಲ್ಲೂ ಇರುತ್ತದೆ. ಸಮುದ್ರವಿರುವ ಊರಿಗೆ ಹೋಗಿ ಅದಕ್ಕೆ ಸಂಜೆಯ ಅರ್ಧ ಗಂಟೆ ಕೊಟ್ಟು ಉಳಿದ ಹೊತ್ತೆಲ್ಲ ಕಾರಿನಲ್ಲಿ ಕೂರುವುದಾದರೆ ಅಷ್ಟು ದೂರ ಯಾಕೆ ಹೋಗಬೇಕು? 11ರಲ್ಲಿ ಮೂರನ್ನು ಉಳಿಸಿಕೊಳ್ಳಿ, ಅವುಗಳನ್ನು ನಡು ಮಧ್ಯಾಹ್ನಕ್ಕೆ ತಳ್ಳಿ, ಆಗ ಮರಳು ಕಾದಿರುತ್ತದೆ. ಮಿಕ್ಕ ದಿನವನ್ನು ಉಬ್ಬರ ಇಳಿತದ ವೇಳಾಪಟ್ಟಿ ನೋಡಿ ಹೊಂದಿಸಿ. ಅದು ಮೊಬೈಲಿನಲ್ಲೇ ಸಿಗುತ್ತದೆ. ಹೋಗುವ ದಿನದ್ದು, ಹೋಗುವ ಊರಿನದ್ದು ನೋಡಿ. ಆದರೂ ದಡದಲ್ಲಿ ಬಲೆ ಸರಿಮಾಡುತ್ತಿರುವವರನ್ನು ಒಮ್ಮೆ ಕೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ.

ಇಳಿತ ಬೆಳಿಗ್ಗೆ ಬಿದ್ದರೆ ಮಗುವಿಗೆ ಹಬ್ಬ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಪುಟ್ಟ ಮೀನು, ಬಂಡೆಗೆ ಅಂಟಿಕೊಂಡ ಚಿಪ್ಪುಗಳು ಕಾಣಸಿಗುತ್ತವೆ. ನೋಡಲಿ, ಕೀಳದಿರಲಿ. ಆಗಷ್ಟೇ ನೀರು ಬಿಟ್ಟ ಮರಳು ಗಟ್ಟಿಯಾಗಿರುವುದರಿಂದ ಅತ್ತೆಯವರಿಗೂ ನಡೆಯಲು ಹಿತ. ಒಣ ಸಡಿಲ ಮರಳಿನಲ್ಲಿ ಮೊಣಕಾಲು ನೋವಿನವರನ್ನು ನಡೆಸುವುದು ಶಿಕ್ಷೆ. ಒಂದು ನಸುಕಿನಲ್ಲಿ ಬಂದರಿಗೆ ಹೋಗಿ ದೋಣಿಗಳು ಬರುವುದನ್ನು ನೋಡಿ. ರಾತ್ರಿ ಕೋಣೆಯಿಂದ ದೀಪಸ್ತಂಭದ ಬೆಳಕು ಕಂಡರೆ ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಎಂದು ಮಗುವಿನೊಂದಿಗೆ ಎಣಿಸಿ. ನೆರೆಯ ಸ್ತಂಭಗಳ ಮಿಂಚಿನ ಲೆಕ್ಕ ಬೇರೆ ಬೇರೆ ಇಟ್ಟಿರುತ್ತಾರೆ, ನಾವಿಕರು ಅದರಿಂದಲೇ ಯಾವ ಸ್ತಂಭವೆಂದು ಗುರುತಿಸುತ್ತಾರೆ. ನನ್ನ ಮಗನಿಗೆ ಆ ಪ್ರವಾಸದಲ್ಲಿ ಸವಿಯಾಗಿ ನೆನಪಿರುವುದು ಇದೊಂದೇ.

ಜಲಕ್ರೀಡೆಯ ಬಗ್ಗೆಯೂ ಕೇಳಿದ್ದೀರಿ. ಹೋಗಲೇಬೇಕೆಂದರೆ ಬೆಳಿಗ್ಗೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಿನಿಂದ ಗಾಳಿ ಬೀಸತೊಡಗುತ್ತದೆ, ನೀರು ಒರಟಾಗುತ್ತದೆ. ಈಜಲು ಇಳಿಯುವಾಗ ಅಲೆ ಒಡೆಯದೆ ಶಾಂತವಾಗಿ ಕಾಣುವ ಓಣಿಯನ್ನು ನಂಬಬೇಡಿ. ದಡಕ್ಕೆ ಬಂದ ನೀರು ಒಳಕ್ಕೆ ಮರಳುವ ಸೆಳೆತ ಹೆಚ್ಚಾಗಿ ಅಲ್ಲೇ ಇರುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು.

ಇನ್ನು ಅತ್ತೆಯವರು. ಮೊದಲ ಸಂಜೆ ಅವರನ್ನು ಎಲ್ಲಿಗೂ ಕರೆದೊಯ್ಯಬೇಡಿ. ಅಲೆಯ ಕೊನೆಯ ನೊರೆ ಪಾದ ಮುಟ್ಟುವ ಜಾಗದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ. ನೀರು ಏರುತ್ತಿದ್ದರೆ ಆಗಾಗ ಕುರ್ಚಿಯನ್ನು ಹಿಂದಕ್ಕೆ ಎಳೆಯುವ ಕೆಲಸ ನಿಮ್ಮದು.