ಕಾರ್ಡ್ ಎಲ್ಲರಿಗೂ ಕೊಡಲಿ, ಕೌಂಟರ್ ಮಾತ್ರ ಅದೇ ಅಲ್ವಾ?

ಮೇಷ್ಟ್ರೇ, ತಿಪಟೂರಿನಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಮನೆಯವರ ಪಿತ್ತಕೋಶದ ಆಪರೇಷನ್ ಬಿಲ್ಲಿನಲ್ಲಿ ಇನ್ಶೂರೆನ್ಸ್ ಕಂಪನಿ ದೊಡ್ಡ ಮೊತ್ತ ಕತ್ತರಿಸಿತು, ಹನ್ನೊಂದು ವರ್ಷ ಪ್ರೀಮಿಯಂ ಕಟ್ಟಿದ್ದು ದಂಡವಾಯಿತು ಎಂದಿದ್ದೀರಿ. ಬಡವ, ಬಲ್ಲಿದ ಅನ್ನದೆ ಎಲ್ಲರಿಗೂ ಸರ್ಕಾರವೇ 5 ಲಕ್ಷದ ಕಾರ್ಡ್ ಕೊಡಲಿ, 'ಮೊದಲು ವಿಮೆಗೆ ಲಗಾಮು' ಅಂತ ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ಯಾಕೆ ಅಂತಲೂ ಕೇಳಿದ್ದೀರಿ.

ಮೊದಲು ಆ ಕತ್ತರಿಯ ವಿಷಯ. ನಿಮ್ಮದು 3 ಲಕ್ಷದ ಪಾಲಿಸಿ. ರೂಮ್ ಬಾಡಿಗೆಗೆ ಶೇ. 1ರ ಮಿತಿ, ಅಂದರೆ ದಿನಕ್ಕೆ 3,000. ನೀವು ತೆಗೆದುಕೊಂಡದ್ದು 5,000ದ ರೂಮ್. ಹೆಚ್ಚಿನ 2,000 ಕೈಯಿಂದ ಕೊಟ್ಟರಾಯಿತು ಅಂದುಕೊಂಡಿರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಅದೇ ಲೆಕ್ಕದಲ್ಲಿ ಡಾಕ್ಟರ ಫೀಸು, ಓಟಿ ಚಾರ್ಜು ಎಲ್ಲವೂ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತವೆ. ಸರ್ಜನ್ ಫೀಸು 50,000 ಇದ್ದರೆ ಕಂಪನಿ ಕೊಡುವುದು 30,000. ಪಾಲಿಸಿ ಮಾರುವಾಗ ಏಜೆಂಟರು ಇದನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಕಾರ್ಡು. ಅದು ನಮ್ಮಲ್ಲಿ 2018ರಿಂದಲೇ ಇದೆ: ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ನಿಮ್ಮಂಥ ಎಪಿಎಲ್‌ನವರಿಗೆ ಶೇ. 30, ಅದೂ ಬಿಲ್ಲಿನದಲ್ಲ, ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ. 30. ಇದನ್ನು ನಡೆಸುವುದು ಕಂಪನಿಯಲ್ಲ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಹಾಗಿದ್ದ ಮೇಲೆ ವಿಮೆಯ ಗೊಡವೆ ಯಾಕೆ ಅಂತೀರಾ? ಆಸ್ಪತ್ರೆ ಒಂದೇ ಅಲ್ವಾ, ಮೇಷ್ಟ್ರೇ! ಪ್ಯಾಕೇಜ್ ದರ ಸಾಲದು ಅನ್ನುವ ಆಸ್ಪತ್ರೆ ಆ ಖೋತಾವನ್ನು ಪಾಲಿಸಿ ಇರುವವರ ಬಿಲ್ಲಿನಲ್ಲೇ ತುಂಬಿಕೊಳ್ಳುತ್ತದೆ ಅಂತ ನನ್ನ ಗುಮಾನಿ. ಅಡ್ಮಿಟ್ ಮಾಡುವಾಗ 'ಇನ್ಶೂರೆನ್ಸ್ ಇದೆಯಾ?' ಅಂತ ಮೊದಲು ಕೇಳುವುದು ಸುಮ್ನೆ ಅಲ್ಲ. ಬಿಲ್ಲು ಏರಿದರೆ ಪ್ರೀಮಿಯಂ ಏರುತ್ತದೆ, ಕಟ್ಟಲಾಗದವರು ಪಾಲಿಸಿ ಬಿಡುತ್ತಾರೆ. ಆಮೇಲೆ ಅವರೂ ಸರ್ಕಾರದ ಕಾರ್ಡಿಗೇ ಬರಬೇಕು. ಅಷ್ಟರಲ್ಲಿ 5 ಲಕ್ಷಕ್ಕೆ ಈಗಿನ ಬೆಲೆ ಉಳಿದಿರುವುದಿಲ್ಲ.

ನಮ್ಮ ಅತ್ತೆಯ ಡಿಸ್ಚಾರ್ಜ್ ದಿನ ನೆನಪಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಡಾಕ್ಟರು 'ಮನೆಗೆ ಹೋಗಬಹುದು' ಅಂದರು. ಫ್ಲಾಸ್ಕು, ಬ್ಯಾಗು ಕಟ್ಟಿಕೊಂಡು ಕೂತೆವು. ಕೌಂಟರಿನವರು 'ಟಿಪಿಎ ಅಪ್ರೂವಲ್ ಬಂದಿಲ್ಲ' ಅಂತಾರೆ. ಟಿಪಿಎ ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಏಜೆನ್ಸಿ. ಟಿಪಿಎಗೆ ಫೋನ್ ಮಾಡಿದರೆ 'ಫೈನಲ್ ಬಿಲ್ಲೇ ಕಳಿಸಿಲ್ಲ' ಅಂತಾರೆ. ಹೊರಟಾಗ ರಾತ್ರಿ ಎಂಟು. ಮೂರು ಗಂಟೆಯೊಳಗೆ ಡಿಸ್ಚಾರ್ಜ್ ಮಂಜೂರಾತಿ ಕೊಡಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲೇ ಹೇಳಿದೆ. ಆದರೆ ಗಡಿಯಾರ ಶುರುವಾಗುವುದು ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದ ಮೇಲೆ. ಆಸ್ಪತ್ರೆಯೋ, ಐಆರ್‌ಡಿಎಐ ಕೈಗೆ ಸಿಗುವಂಥದ್ದಲ್ಲ. ಅದು ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ರಾಜ್ಯದ ಕೆಪಿಎಂಇ ಕಾಯ್ದೆಗೆ ಸೇರಿದ್ದು. 2017ರಲ್ಲಿ ಆ ಕಾಯ್ದೆ ಬಿಗಿ ಮಾಡಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಸಡಿಲವಾಗಿ ಪಾಸಾಯಿತು.

ಬಿಪಿಎಲ್‌ನವರ ಕಾರ್ಡು ಕಾಯಲಿ ಅಂತ ನಾನು ಹೇಳುತ್ತಿಲ್ಲ. ಎಲ್ಲರನ್ನೂ ಆ ಕೌಂಟರ್ ಮುಂದೆ ನಿಲ್ಲಿಸುವ ಮೊದಲು ರೇಟು, ಬಿಲ್ಲು, ಕತ್ತರಿ ಮೂರಕ್ಕೂ ಒಬ್ಬರು ಜವಾಬು ಹೇಳುವಂತಾಗಲಿ ಅಂತ ಅಷ್ಟೇ.

ಅಂದ ಹಾಗೆ, ನಿಮ್ಮ ಬಿಲ್ಲನ್ನು ಇನ್ನೊಮ್ಮೆ ನೋಡಿ. ರೂಮಿನ ನೆಪದಲ್ಲಿ ಔಷಧಿ, ಲ್ಯಾಬ್ ಟೆಸ್ಟ್ ಮೊತ್ತಕ್ಕೆ ಕತ್ತರಿ ಹಾಕುವ ಹಾಗಿಲ್ಲ, 2020ರಲ್ಲೇ ನಿಯಮ ಬಂದಿದೆ. ಹಾಕಿದ್ದರೆ ಮೊದಲು ಕಂಪನಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ, ವಿಮೆಯ ದೂರು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದು ವರ್ಷ ದಾಟಬಾರದು, ಪತ್ರದ ಮೇಲಿನ ತಾರೀಖು ನೋಡಿಕೊಳ್ಳಿ.