ಮಳೆಯಲ್ಲಿ ಒಯ್ಯಲು ಯಾವ ಸಣ್ಣ ಕೈಬಂದೂಕು ಒಳ್ಳೆಯದು?

ಅಮೆರಿಕದ ಸಿಯಾಟಲ್ ಹತ್ತಿರ ಇದ್ದೀರಿ, ಒಲಿಂಪಿಕ್ ಪರ್ಯಾಯ ದ್ವೀಪದ ಹೊಳೆಗಳಲ್ಲಿ ಮೀನು ಹಿಡಿಯಲು ಹೋಗುತ್ತೀರಿ, ತುಕ್ಕಿನ ರಗಳೆ ಇಲ್ಲದ ಚಿಕ್ಕ ಬಂದೂಕು ಬೇಕು ಅಂದಿದ್ದೀರಿ. ಅಲ್ಲಿನ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. (ನಮ್ಮ ಆಗುಂಬೆಯವರಿಗೆ ಅದೇನೂ ಜಾಸ್ತಿ ಅಲ್ಲ ಬಿಡಿ!)

ನನ್ನ ಆಯ್ಕೆ ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರ್. ರೂಗರ್ ಎಸ್‌ಪಿ101 ತರಹದ್ದು: .357 ಮ್ಯಾಗ್ನಮ್ ಅಳತೆಯ ಐದು ಗುಂಡು, ಮುಕ್ಕಾಲು ಕೆ.ಜಿ. ಹತ್ತಿರದ ತೂಕ. ಗುಂಡು ತುಂಬಿ ವಾರಗಟ್ಟಲೆ ಇಟ್ಟರೂ ತಕರಾರಿಲ್ಲ. ಹೆಚ್ಚು ಗುಂಡು ಬೇಕಿದ್ದರೆ ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿನ ಗ್ಲಾಕ್ 19 ಪಿಸ್ತೂಲು ಕೂಡ ಸರಿ.

ಆದರೆ ಸ್ಟೇನ್‌ಲೆಸ್ ಅಂದ್ರೆ ತುಕ್ಕೇ ಹಿಡಿಯಲ್ಲ ಅಂತಲ್ಲ. ನಿಧಾನಕ್ಕೆ ಹಿಡಿಯುತ್ತದೆ ಅಷ್ಟೆ. ಒಳಗಿನ ಸ್ಪ್ರಿಂಗ್‌ಗಳು ಮಾಮೂಲಿ ಉಕ್ಕಿನವೂ ಇರಬಹುದು. ಸಮುದ್ರದ ನೀರು ತಗುಲಿದರೆ ಗುಂಡು ತೆಗೆದು, ಅವತ್ತೇ ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ. ನೀರಿಗೆ ಬಿದ್ದಿದ್ದರೆ ನಳಿಗೆಯ ನೀರು ಬಸಿಯದೆ ಹಾರಿಸಲೇಬೇಡಿ.

ಜನ ಎಡವುವುದು ಚರ್ಮದ ಹೋಲ್‌ಸ್ಟರ್ (ಬಂದೂಕಿನ ಒರೆ) ವಿಷಯದಲ್ಲಿ. ಅದು ಒದ್ದೆ ಹೀರಿಕೊಂಡು ಲೋಹಕ್ಕೇ ಒತ್ತಿ ಹಿಡಿಯುತ್ತದೆ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನದ್ದು ತಗೊಳ್ಳಿ. ಗುಂಡುಗಳು ನಿಕ್ಕಲ್ ಲೇಪದವು, ಪ್ರೈಮರ್ (ಗುಂಡಿನ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಭಾಗ) ಸೀಲ್ ಮಾಡಿದವು ಆಗಿರಲಿ.

ಅಂದಹಾಗೆ, ನೀವು ಎಚ್-1ಬಿ ವೀಸಾದಲ್ಲಿದ್ದೀರಾ? ಹಾಗಾದರೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳುವುದೇ ನಿಷಿದ್ಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ರಾಜ್ಯದ ನಿಯಮವನ್ನೂ ಮೊದಲು ವಕೀಲರ ಹತ್ತಿರ ಕೇಳಿ, ಅಂಗಡಿಗೆ ಆಮೇಲೆ ಹೋಗಿ.