ಮಳೆಗಾಲದ ಚಾರಣಕ್ಕೆ ಕ್ಯಾಮೆರಾ: ಮೀಟರ್ ಬಿಡಿ, ಮುಚ್ಚಳ ನೋಡಿ

ಮುಂಗಾರು ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ, ಉಳಿದವಕ್ಕೆ ಸಿಕ್ಕಷ್ಟು.

ಪ್ರಶ್ನೆ: ಜುಲೈನಲ್ಲಿ ಕುದುರೆಮುಖಕ್ಕೆ ಹೊರಟಿದ್ದೇವೆ. ಓಎಂ ಸಿಸ್ಟಮ್ ಕಂಪನಿಯ ಟಿಜಿ-7 ಕ್ಯಾಮೆರಾ 15 ಮೀಟರ್ ಆಳದವರೆಗೆ ವಾಟರ್‌ಪ್ರೂಫ್. ರಿಕೋ ಡಬ್ಲ್ಯುಜಿ-6 ಇಪ್ಪತ್ತು ಮೀಟರ್. ನಿಕಾನ್ ಡಬ್ಲ್ಯು300 ಮೂವತ್ತು ಮೀಟರ್. ಹಾಗಾದರೆ ನಿಕಾನೇ ಒಳ್ಳೆಯದಲ್ವಾ?

ಕುದುರೆಮುಖದ ದಾರಿಯಲ್ಲಿ 30 ಮೀಟರ್ ಆಳದ ನೀರು ಎಲ್ಲಿದೆ? ಅಲ್ಲಿ ದಾಟಬೇಕಾದ್ದು ಹಳ್ಳಗಳನ್ನು. ಹಳ್ಳ ಸೊಂಟದವರೆಗೆ ಹರಿಯುತ್ತಿದ್ದರೆ ದಾಟಬೇಡಿ, ವಾಪಸ್ ಬನ್ನಿ. ಆ ಮೀಟರ್ ಲೆಕ್ಕ ಬೇಕಾಗುವುದು ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಸ್ಕೂಬಾ ಇಳಿಯುವವರಿಗೆ. ಬೆಟ್ಟ ಹತ್ತುವವರಿಗಲ್ಲ.

ಇನ್ನೊಂದು ವಿಷಯ. ಆ ಅಂಕಿ ಹೊಸ ಕ್ಯಾಮೆರಾದ್ದು. ಬ್ಯಾಟರಿ, ಕಾರ್ಡ್ ಹಾಕುವ ಮುಚ್ಚಳ ಸರಿಯಾಗಿ ಕೂತಿರಬೇಕು, ನೀರು ತಡೆಯುವ ಅದರ ರಬ್ಬರ್ ಪಟ್ಟಿ ಶುದ್ಧವಾಗಿರಬೇಕು, ಆಗ ಮಾತ್ರ ಅದು ನಿಜ. ಪಟ್ಟಿಯ ಮೇಲೆ ಒಂದು ಕೂದಲು ಅಡ್ಡ ಬಿದ್ದಿದ್ದರೆ 30 ಮೀಟರ್‌ನ ಕ್ಯಾಮೆರಾಗೂ ಒಂದು ಬಕೆಟ್ ನೀರು ಸಾಕು. ನೀರು ಹೋಗಿ ಸತ್ತ ಕ್ಯಾಮೆರಾಗಳು ನನ್ನ ರಿಪೇರಿ ಮೇಜಿಗೆ ಬರುತ್ತವೆ. ಬಿಚ್ಚಿ ನೋಡಿದರೆ ಹೆಚ್ಚಿನವುಗಳಲ್ಲಿ ನೀರು ಒಳಗೆ ಹೋಗಿರುವುದು ಬ್ಯಾಟರಿ ಮುಚ್ಚಳದ ಕಡೆಯಿಂದಲೇ. ಮರಳಿನ ಕಾಳು, ಬಟ್ಟೆಯ ನೂಲು, ಅರ್ಧ ಕೂತ ಲಾಕ್, ಇಷ್ಟೇ ಕಾರಣ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಮುಚ್ಚಳ ತೆಗೆದು ಹಾಕಿ ನೋಡಿ. ಲಾಕ್ ಎರಡು ಹಂತದ್ದಾ? ಚಳಿಗೆ ಮರಗಟ್ಟಿದ ಬೆರಳಲ್ಲಿ ಆಗುತ್ತದಾ? ಪೂರ್ತಿ ಮುಚ್ಚಿದೆಯೋ ಇಲ್ಲವೋ ಅಂತ ಕಣ್ಣಿಗೆ ಕಾಣುತ್ತದಾ? ಚಾರ್ಜಿಂಗ್ ತೂತು ಎಲ್ಲಿದೆ? ಟಿಜಿ-7ರಲ್ಲಿ ಯುಎಸ್‌ಬಿ-ಸಿ ಇದೆ, ಒಳ್ಳೆಯದೇ. ಆದರೆ ಅದೂ ಒಂದು ಮುಚ್ಚಳದ ಹಿಂದೆ. ಪವರ್ ಬ್ಯಾಂಕ್ ಸಿಕ್ಕಿಸಬೇಕಾದರೆ ಆ ಮುಚ್ಚಳ ತೆಗೆಯಲೇಬೇಕು. ಮಳೆ ಸುರಿಯುವಾಗ ಪವರ್ ಬ್ಯಾಂಕ್ ಲೆಕ್ಕಕ್ಕಿಲ್ಲ ಅಂದುಕೊಳ್ಳಿ. ಒಂದು ಬ್ಯಾಟರಿಯಲ್ಲಿ ಸುಮಾರು 330 ಚಿತ್ರ ಅಂತ ಕಂಪನಿ ಹೇಳುತ್ತದೆ. ಒಂದು ದಿನದ ನಡಿಗೆಗೆ ಅಷ್ಟು ಸಾಲದೇ?

ಲೆನ್ಸ್ ಒಳಗೆ ಮಂಜು ಹಿಡಿಯಿತು, ನೀರು ಸೋರಿದೆ ಅಂತ ಗಾಬರಿಯಾಗಿ ಬರೆಯುವವರೂ ಇದ್ದಾರೆ. ಬಹಳ ಸಲ ಸೋರಿರುವುದಿಲ್ಲ. ನೀವು ಹೋಮ್‌ಸ್ಟೇ ಜಗುಲಿಯಲ್ಲಿ ಕೂತು, ಜಡಿಮಳೆಯ ತೇವದ ಗಾಳಿಯಲ್ಲಿ ಕಾರ್ಡ್ ಹಾಕಿ ಮುಚ್ಚಳ ಮುಚ್ಚಿದ್ದೀರಿ. ಆ ಗಾಳಿ ಒಳಗೇ ಉಳಿಯಿತು. ಬೆಟ್ಟದ ಮೇಲೆ ತಣ್ಣನೆ ಮಳೆ ಮುಂದಿನ ಗಾಜಿಗೆ ಹೊಡೆಯಿತು, ಗಾಜು ತಣ್ಣಗಾಯಿತು, ಒಳಗಿನ ತೇವ ಅದಕ್ಕೇ ಅಂಟಿತು. ಪರಿಹಾರ ಸುಲಭ. ಹೊರಡುವ ಹಿಂದಿನ ದಿನ ಮನೆಯಲ್ಲೇ, ಒಣಗಿದ ಕೋಣೆಯಲ್ಲಿ, ಬ್ಯಾಟರಿ ಕಾರ್ಡ್ ಎರಡೂ ಹಾಕಿ ಮುಚ್ಚಿ. ಎಸಿ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ವಾಪಸ್ ಬರುವವರೆಗೆ ಮುಟ್ಟಬೇಡಿ. ದೊಡ್ಡ ಕಾರ್ಡ್ ಹಾಕಿದ್ದರೆ ಮುಟ್ಟುವ ಅಗತ್ಯವೂ ಬರುವುದಿಲ್ಲ.

ಎರಡನೆಯದು ಬೆಳಕು. ಇದನ್ನು ಯಾರೂ ಕೇಳುವುದೇ ಇಲ್ಲ. ಕುದುರೆಮುಖದ ಹುಲ್ಲುಗಾವಲಲ್ಲಿ ಬೆಳಕಿರುತ್ತದೆ, ಸರಿ. ಶೋಲಾ, ಅಂದರೆ ಬೆಟ್ಟದ ಸಂದಿನ ದಟ್ಟ ಕಾಡು, ಅದರೊಳಗೆ ಕಾಲಿಟ್ಟರೆ ಮಧ್ಯಾಹ್ನವೇ ಸಂಜೆ. ಝೂಮ್ ಎಳೆಯದೆ ಅಗಲದ ಕಡೆ ಟಿಜಿ-7ರ ಲೆನ್ಸ್ ಎಫ್/2.0, ಡಬ್ಲ್ಯುಜಿ-6ರದು ಎಫ್/3.5. ಈ ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಅಂದರೆ ಮೊದಲನೆಯದಕ್ಕೆ ಹೆಚ್ಚುಕಡಿಮೆ ಮೂರು ಪಟ್ಟು ಬೆಳಕು ಬೀಳುತ್ತದೆ. ಡಬ್ಲ್ಯು300ರದು ಎಫ್/2.8, ನಡುವಿನದು. ಈ ಕ್ಯಾಮೆರಾಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಬರೀ 6 ಮಿಲಿಮೀಟರ್ ಅಗಲ. ಇಷ್ಟು ಚಿಕ್ಕ ಜಾಗಕ್ಕೆ ಬೆಳಕು ಕಮ್ಮಿಯಾದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರುತ್ತದೆ, ಚಿತ್ರ ಕಾಳುಕಾಳಾಗುತ್ತದೆ, ಪಾಚಿ ಕಟ್ಟಿದ ಮರ ಹಸಿರು ಕಲೆಯಾಗುತ್ತದೆ. ಆದರೆ ಝೂಮ್ ಎಳೆದರೆ ಟಿಜಿ-7 ಕೂಡ ಎಫ್/4.9ಕ್ಕೆ ಇಳಿಯುತ್ತದೆ. ಕಾಡೊಳಗೆ ಝೂಮ್ ಮರೆತುಬಿಡಿ. ಎರಡು ಹೆಜ್ಜೆ ಮುಂದೆ ಹೋಗಿ. ಕೆಳಗೆ ನೋಡಿಕೊಂಡು ಹೋಗಿ. ಕ್ಯಾಮೆರಾ 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ ಅಂತ ಕಂಪನಿ ಬರೆದಿದೆ, ನಿಮ್ಮ ಮೊಣಕಾಲಿಗೆ ಯಾರೂ ಹಾಗೆ ಬರೆದುಕೊಟ್ಟಿಲ್ಲ.

ಬಿದ್ದ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಗಟ್ಟಿಯಾಗಿ ಬಿದ್ದ ಮೇಲೆ ವಾಟರ್‌ಪ್ರೂಫ್ ಗುಣ ಹಾಗೇ ಉಳಿಯುತ್ತದೆ ಅಂತ ಕಂಪನಿ ಭರವಸೆ ಕೊಡುವುದಿಲ್ಲ. ಕೈಪಿಡಿ ಓದಿದವರಿಗೆ ಗೊತ್ತು. ಬಂಡೆಗೆ ಬಡಿದ ಕ್ಯಾಮೆರಾವನ್ನು ಅದೇ ದಿನ ಜಲಪಾತದ ಕೆಳಗೆ ಹಿಡಿಯಬೇಡಿ.

ನನ್ನ ಆಯ್ಕೆ ಟಿಜಿ-7. ಹಿಂದೆ ಒಲಿಂಪಸ್ ಹೆಸರಲ್ಲಿ ಬರುತ್ತಿದ್ದ ಸಾಲು, 2023ರಲ್ಲಿ ಓಎಂ ಸಿಸ್ಟಮ್ ಹೆಸರಲ್ಲಿ ಬಂತು. ಲೆನ್ಸ್‌ನಿಂದ 1 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ಕಾಲಿಗೆ ಹತ್ತಿದ ಇಂಬಳದ ಬಾಯಿ, ಎಲೆಯ ಮೇಲಿನ ಕಪ್ಪೆಮರಿ, ಮಲೆನಾಡಿನ ಮಳೆಗಾಲದಲ್ಲಿ ನೋಡಬೇಕಾದ್ದೆಲ್ಲ ಇಷ್ಟೇ ಗಾತ್ರದ್ದು. ಹಳೆಯ ಟಿಜಿ-6 ಕಮ್ಮಿ ಬೆಲೆಗೆ ಹೊಸದಾಗಿ ಸಿಕ್ಕರೆ ಅದನ್ನೇ ತಗೊಳ್ಳಿ, ಚಿತ್ರದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಡಬ್ಲ್ಯುಜಿ-6ರಲ್ಲೂ 1 ಸೆಂಟಿಮೀಟರ್ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಇದೆ, ಲೆನ್ಸ್ ಸುತ್ತ ಆರು ಪುಟ್ಟ ದೀಪಗಳಿವೆ. ಹುಳ ಹುಪ್ಪಟೆ ತೆಗೆಯುವವರಿಗೆ ಅದೂ ಆಗುತ್ತದೆ.

ಪ್ರಶ್ನೆ: ನನ್ನ ಫೋನ್ ಐಪಿ68, ಅಂದರೆ ಧೂಳು, ನೀರು ತಡೆಯುವ ದರ್ಜೆಯದು. ಬೇರೆ ಕ್ಯಾಮೆರಾ ಯಾಕೆ?

ಒಳ್ಳೆಯ ಬೆಳಕಿನಲ್ಲಿ ದುಬಾರಿ ಫೋನಿನ ಚಿತ್ರವೇ ಚೆನ್ನಾಗಿರುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ, ನಾನು ಹೇಳುತ್ತೇನೆ. ಆದರೆ ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಕೆಲಸ ಮಾಡುವುದಿಲ್ಲ, ಮಳೆಹನಿಗಳೇ ಅದನ್ನು ಒತ್ತುತ್ತವೆ. ಕಾಡಿನಲ್ಲಿ ಫೋನ್ ನಿಮ್ಮ ನಕ್ಷೆ, ಟಾರ್ಚ್, ಆಪತ್ತಿಗೆ ಕರೆ ಮಾಡುವ ಸಾಧನ. ಅದನ್ನು ಜರಿಯ ಕೆಳಗೆ ಹಿಡಿದು ಆಟ ಆಡುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಪ್ರಶ್ನೆ: ನೀರು ಹೋದ ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿ ಇಡಬಹುದಾ?

ಅಕ್ಕಿ ಅನ್ನಕ್ಕೆ. ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ಹೇಳಿದೆ, ಅಕ್ಕಿಯ ಚೂರು ಒಳಗೆ ಹೋಗಿ ಹಾಳು ಮಾಡುತ್ತದೆ. ಬ್ಯಾಟರಿ ತೆಗೆಯಿರಿ, ಆನ್ ಮಾಡಿ ಪರೀಕ್ಷಿಸಬೇಡಿ, ರಿಪೇರಿಗೆ ಕೊಡಿ. ಉಪ್ಪುನೀರಾದರೆ ಅದೇ ದಿನ ಕೊಡಿ. "ಸೀಲ್ ಮಾಡಿಕೊಡ್ತೀನಿ" ಅಂತ ಮುಚ್ಚಳದ ಸುತ್ತ ಗೋಂದು ಬಳಿಯುವ ಮೊಬೈಲ್ ಅಂಗಡಿಗೆ ಮಾತ್ರ ಹೋಗಬೇಡಿ. ಆ ಗೋಂದು ಕೆರೆದು ತೆಗೆಯುವ ಕೆಲಸ ಕೊನೆಗೆ ನನ್ನ ತಲೆಗೇ ಬರುತ್ತದೆ. ರಬ್ಬರ್ ಪಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅಂತ ವಿಡಿಯೋ ಮಾಡಿದ ಮಹಾಶಯರಿಗೂ ನಮಸ್ಕಾರ. ಎಣ್ಣೆಗೆ ಧೂಳು, ಕೂದಲು ಎಲ್ಲ ಅಂಟುತ್ತದೆ ಸ್ವಾಮಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡಬ್ಲ್ಯು300 ಕಮ್ಮಿಗೆ ಸಿಗುತ್ತಿದೆ. ತಗೊಳ್ಳಲಾ?

2017ರ ಮಾಡೆಲ್, ರಬ್ಬರ್‌ಗೂ ಅಷ್ಟೇ ವಯಸ್ಸಾಗಿರಬಹುದು. ಪಟ್ಟಿ ಬದಲಾಯಿಸಿ ಒತ್ತಡ ಪರೀಕ್ಷೆ ಮಾಡಿಸಿಕೊಡುವ ಸರ್ವಿಸ್ ಸೆಂಟರ್ ನಿಮಗೆ ಗೊತ್ತಿದ್ದರೆ ತಗೊಳ್ಳಿ. ಇಲ್ಲದಿದ್ದರೆ ಅದನ್ನು ವಾಟರ್‌ಪ್ರೂಫ್ ಅಲ್ಲದ ಕ್ಯಾಮೆರಾ ಅಂತಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕ ಬೆಲೆ ಕೊಡಿ.

ಪ್ರಶ್ನೆ: ಟಿಜಿ-7ರ 12 ಮೆಗಾಪಿಕ್ಸೆಲ್ ಕಮ್ಮಿಯಾಗಲ್ವಾ?

ಇಲ್ಲ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಇದೇ ಕ್ಯಾಮೆರಾ ಒಯ್ಯಬಹುದಾ?

ಒಯ್ಯಿರಿ. ಇವೆಲ್ಲ ಮೈನಸ್ 10 ಡಿಗ್ರಿವರೆಗೆ ಅಂತ ಬರೆದಿರುತ್ತಾರೆ. ಕ್ಯಾಮೆರಾ ತಡೆಯುತ್ತದೆ, ಬ್ಯಾಟರಿ ಸೊರಗುತ್ತದೆ. ರಾತ್ರಿ ಬ್ಯಾಟರಿ ನಿಮ್ಮ ಜೊತೆ ಸ್ಲೀಪಿಂಗ್ ಬ್ಯಾಗ್ ಒಳಗಿರಲಿ, ಹಗಲು ಒಳಜೇಬಲ್ಲಿ. ವಿಮಾನದಲ್ಲಿ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಲ್ಲಿ ಬಿಡುವುದಿಲ್ಲ.

ಪ್ರಶ್ನೆ: ಜಿಪಿಎಸ್ ಇರುವುದು ಲಾಭವೇ?

ನಡೆದ ದಾರಿ ದಾಖಲಾಗುತ್ತದೆ, ಚೆನ್ನಾಗಿದೆ. ಆದರೆ ಟಿಜಿ-7ರಲ್ಲಿ ಈ ದಾಖಲೆ ಶುರುಮಾಡುವ ಲಾಗ್ ಕೀಲಿ ಆನ್ ಆಗಿದ್ದರೆ ಕ್ಯಾಮೆರಾ ಆಫ್ ಮಾಡಿದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಬೆಳಿಗ್ಗೆ ಬ್ಯಾಟರಿ ಖಾಲಿ ಅಂತ ದೂರುವವರು ಮೊದಲು ಅದನ್ನು ನೋಡಿ. ಇನ್ನೊಂದು ಮಾತು. ಕಾಡುಸೀತಾಳೆಯ ಹೂವು, ಅಪರೂಪದ ಕಪ್ಪೆ, ಹಾವು ತೆಗೆದಾಗ ಆ ಜಾಗದ ಗುರುತು ಚಿತ್ರದೊಳಗೇ ಕೂತಿರುತ್ತದೆ. ಎಲ್ಲರಿಗೂ ಹಂಚುವ ಮೊದಲು ಅಳಿಸಿ. ಕಿತ್ತುಕೊಂಡು ಹೋಗಿ ಮಾರುವವರೂ ಚಿತ್ರ ನೋಡುತ್ತಾರೆ.

ಪ್ರಶ್ನೆ: ಇದರಲ್ಲಿ ಚಿರತೆ ಫೋಟೋ ಚೆನ್ನಾಗಿ ಬರುತ್ತದಾ?

ಟಿಜಿ-7ರ ಝೂಮ್ 100 ಮಿಲಿಮೀಟರ್‌ಗೆ ಮುಗಿಯುತ್ತದೆ, ದೂರದ ಪ್ರಾಣಿಗೆ ಅದು ಸಾಲದು. ಚೆನ್ನಾಗಿ ಬರುವಷ್ಟು ಹತ್ತಿರ ಚಿರತೆ ಇದ್ದರೆ ಫೋಟೋ ತೆಗೆಯಬೇಡಿ.